ಬರೆಯಲೊಲ್ಲದ ಬಲಗೈ

ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಉಪಾಧ್ಯಾಯಿನಿಯಾಗಿದ್ದೆ. ನನ್ನ ಅಕ್ಷರ ದುಂಡಗಿತ್ತು. ಕಾಪಿ ಪುಸ್ತಕದ ಮೊದಲ ಸಾಲನ್ನು ನಾನು ಬರೆದುಕೊಟ್ಟರೆ ಮಕ್ಕಳು ಅದನ್ನು ನೋಡಿಕೊಂಡು ಕೆಳಗೆ ಬರೆಯುತ್ತಿದ್ದರು. ಬೇರೆ ತರಗತಿಗಳ ಪುಸ್ತಕಗಳೂ ನನ್ನ ಮೇಜಿಗೇ ಬರುತ್ತಿದ್ದವು. ಅದರಿಂದ ನನಗೆ ಒಳಗೊಳಗೇ ಜಂಬವಿತ್ತು.

ಯುದ್ಧದ ಕಾಲದ ಒಂದು ಬೇಸಗೆಯಲ್ಲಿ, ಬರೆಯುವಾಗ ತೋರುಬೆರಳು ತಾನಾಗಿ ಸೆಟೆದುಕೊಳ್ಳತೊಡಗಿತು. ಮೊದಲು ನಿಬ್ಬನ್ನು ಬೈದುಕೊಂಡೆ. ಆಮೇಲೆ ಮಣಿಕಟ್ಟೂ ಒಳಕ್ಕೆ ತಿರುಚಿಕೊಳ್ಳುತ್ತಿತ್ತು. ‘ಕ’ ಬರೆಯಹೋದರೆ ನಿಬ್ಬು ಕಾಗದಕ್ಕೆ ನಾಟಿ ಶಾಯಿ ಚೆಲ್ಲುತ್ತಿತ್ತು. ನೋವೇನೂ ಇರಲಿಲ್ಲ. ಇದ್ದಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬಹುದಿತ್ತು.

ಉಳಿದೆಲ್ಲ ಕೆಲಸಕ್ಕೂ ಆ ಕೈ ನೆಟ್ಟಗಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದೆ, ಹೂವು ಕಟ್ಟುತ್ತಿದ್ದೆ. ಬಾಗಿಲಿಗೆ ರಂಗೋಲಿ ಇಡುವಾಗ ಒಂದೆಳೆಯೂ ಅಲುಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕೇಳಿಯೇಬಿಟ್ಟರು.

“ಏನೇ, ರಂಗೋಲಿ ಇಡೋಕೆ ಬರೋ ಕೈಗೆ ಬರೆಯೋಕೆ ಏನು ಬಂತು? ಕೆಲ್ಸ ಬೇಡಾಂದ್ರೆ ಬಾಯ್ಬಿಟ್ಟು ಹೇಳು. ಈ ನಾಟ್ಕ ಯಾಕೆ?”

ನಿಜವಾಗಿಯೂ ನಾಟಕವಾಡುತ್ತಿದ್ದೇನೆಯೇ ಎಂದು ನನಗೇ ಅನುಮಾನ ಹುಟ್ಟಿತು.

ಸಂಬಳದ ದಿನ ಬಂತು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಗುಮಾಸ್ತರು ರುಜು ಹಾಕಿಸಿಕೊಳ್ಳಲು ಸಂಬಳದ ಪುಸ್ತಕ ತೆರೆದು ಕೂತಿದ್ದರು. ನನ್ನ ಹಿಂದೆ ಇತರ ಉಪಾಧ್ಯಾಯಿನಿಯರು ನಿಂತಿದ್ದರು. ನನ್ನ ರುಜು ಅರ್ಧಕ್ಕೇ ಗೀಚಾಗಿ ಹೋಯಿತು. ಮತ್ತೆ ಪ್ರಯತ್ನಿಸಿದೆ. ಕೈ ಪೂರ್ತಿ ಮಡಚಿಕೊಂಡು ಲೇಖನಿ ನೆಲಕ್ಕೆ ಬಿತ್ತು.

ಗುಮಾಸ್ತರು ಮುಜುಗರದಿಂದ ಮಸಿಯ ಪ್ಯಾಡನ್ನು ನನ್ನ ಕಡೆಗೆ ಸರಿಸಿದರು. “ಪರವಾಗಿಲ್ಲ ಟೀಚರಮ್ಮ, ಈ ಸಲಕ್ಕೆ ಹೆಬ್ಬೆಟ್ಟು ಒತ್ತಿಬಿಡಿ.”

ಒತ್ತಿದೆ. ಯಾರೂ ನಗಲಿಲ್ಲ. ಹಿಂದಿದ್ದವರು ಕಿಟಕಿಯ ಕಡೆ ತಿರುಗಿಕೊಂಡಿದ್ದರು. ನಗುವುದಕ್ಕಿಂತ ಅದೇ ಹೆಚ್ಚು ಚುಚ್ಚಿತು. ತರಗತಿಗೆ ಹೋಗುವ ಮೊದಲು ಬಚ್ಚಲಿನ ಹತ್ತಿರ ನಿಂತು ಬೆರಳನ್ನು ಕೆಂಪಾಗುವವರೆಗೂ ತಿಕ್ಕಿದೆ. ಆ ವಾರವೇ ಯಜಮಾನರು ನನ್ನನ್ನು ಚಿಕ್ಕ ರೈಲಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ವೈದ್ಯರು ವಯಸ್ಸಾದವರು. ನನ್ನ ಕೈಯಲ್ಲಿ ಅಂಗಿಯ ಗುಂಡಿ ಹಾಕಿಸಿದರು, ನಾಣ್ಯ ಹೆಕ್ಕಿಸಿದರು. ಆಮೇಲೆ ಪೆನ್ಸಿಲ್ ಕೊಟ್ಟರು. ಬೆರಳು ಸೆಟೆದುಕೊಂಡಿತು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಬರೆದು ಬರೆದು ಬರೋ ಕಾಯಿಲೆ ಇದು. ಕಚೇರಿ ಗುಮಾಸ್ತರಲ್ಲೂ ನೋಡಿದ್ದೀನಿ. ಕೈಯಲ್ಲಿ ಶಕ್ತಿ ಇದೆ, ಬರೆಯೋ ಕೆಲಸಕ್ಕೆ ಮಾತ್ರ ನರಗಳ ಹತೋಟಿ ತಪ್ಪಿದೆ.”

“ನಾನು ಬೇಕೂಂತ ಮಾಡ್ತಿದ್ದೀನಾ, ಡಾಕ್ಟರೇ?” ಎಂದು ಕೇಳಿಬಿಟ್ಟೆ. ಯಜಮಾನರು ತಲೆ ತಗ್ಗಿಸಿದರು.

“ಇಲ್ಲಮ್ಮ. ಬೇಕೂಂತ ಯಾರೂ ಹೀಗೆ ಮಾಡೋಕಾಗಲ್ಲ. ಆದರೆ ಔಷಧಿ ನನ್ನ ಹತ್ರ ಇಲ್ಲ. ಎಡಗೈ ರೂಢಿ ಮಾಡ್ಕೊಳ್ಳಿ.”

ಮನೆಗೆ ಬಂದು ಅದನ್ನು ಹೇಳಿದಾಗ ಅತ್ತೆ ಹೌಹಾರಿದರು. “ಎಡಗೈಲಿ ಸರಸ್ವತೀನಾ?” ಎಂದರು. ಆದರೆ ನಾಟಕದ ಮಾತು ಮತ್ತೆ ಎತ್ತಲಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ಕೊಂಕು ನುಡಿದಾಗ, “ಡಾಕ್ಟ್ರೇ ಹೇಳವ್ರೆ, ನರದ ಕಾಯಿಲೆ ಅಂತ. ನಿಂಗೇನ್ ಗೊತ್ತು?” ಎಂದು ಅವಳ ಬಾಯಿ ಮುಚ್ಚಿಸಿದರು.

ನಾನು ಅಡುಗೆಮನೆಯ ಮೂಲೆಯಲ್ಲಿ ಸ್ಲೇಟು ಹಿಡಿದು ಅ, ಆ ಇಂದ ಶುರುಮಾಡಿದೆ. ನನ್ನ ಒಂದನೇ ತರಗತಿಯ ಮಕ್ಕಳೇ ನನಗಿಂತ ಚೆನ್ನಾಗಿ ಬರೆಯುತ್ತಿದ್ದರು. ಶಾಲೆಯಲ್ಲಿ ಬೋರ್ಡಿನ ಮೇಲೆ ಇಡೀ ತೋಳನ್ನು ಆಡಿಸಿ ದೊಡ್ಡದಾಗಿ ಬರೆದರೆ ಬಲಗೈ ಹೇಗೋ ಒಪ್ಪಿಕೊಳ್ಳುತ್ತಿತ್ತು. ಮುಖ್ಯೋಪಾಧ್ಯಾಯಿನಿ ನನಗೆ ಬಾಯಿಲೆಕ್ಕ ಮತ್ತು ಹೊಲಿಗೆಯ ಪಾಠ ವಹಿಸಿದರು. ಕಾಪಿ ಪುಸ್ತಕಗಳು ಬೇರೆಯವರ ಮೇಜಿಗೆ ಹೋದವು. ಅವು ಹೋಗುವುದನ್ನು ನೋಡಲಾರದೆ ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದೆ.

ಮರುವರ್ಷದ ಹೊತ್ತಿಗೆ ಎಡಗೈಯಲ್ಲಿ ರುಜು ಹಾಕುವಷ್ಟಾಯಿತು. ಸೊಟ್ಟಗಿತ್ತು, ಆದರೆ ನನ್ನದೇ ಹೆಸರು. ಕೆಲಸ ಉಳಿಯಿತು. ನಾಚಿಕೆಯೂ ಉಳಿಯಿತು. ನಾನು ಮಾಡಿದ ತಪ್ಪೇನೂ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಅದು ಹೋಗಲಿಲ್ಲ. ಇದನ್ನು ಬರೆಯುತ್ತಿರುವುದೂ ಎಡಗೈಯಲ್ಲೇ. ಯಾರಾದರೂ ಒಳಗೆ ಬಂದರೆ ಈಗಲೂ ಲೇಖನಿ ಕೆಳಗಿಟ್ಟು ಸುಮ್ಮನೆ ಕೂರುತ್ತೇನೆ.