ಮೂರನೇ ಸುತ್ತಿನ ‘ಸಾಕವಾ’

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ಮೊದಲು ಮೂಗು ಮುರಿಯುತ್ತಿದ್ದವಳು ನಾನೇ. ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ರಿಪೋರ್ಟು ವಿಚಿತ್ರವಾಗಿ ಬಂದರೆ ಮೊದಲು ಮಿಷನ್ನನ್ನು, ಆಮೇಲೆ ಅದನ್ನು ನಡೆಸಿದ ಮನುಷ್ಯನನ್ನು ಅನುಮಾನಿಸುವುದು ಅಭ್ಯಾಸವಾಗಿಬಿಟ್ಟಿದೆ. ಮೂರು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನವೂ ಅದನ್ನೇ ಮಾಡಿದೆ. ಮಾಡಬಾರದಿತ್ತು.

ನಮ್ಮದು ನಾಲ್ಕು ಜನರ ಬ್ಯಾಂಡು. ಅಮೆರಿಕದ ಬೆಟ್ಟಸೀಮೆಯ ಹಳೆಯ ಕುಣಿತದ ಮಟ್ಟುಗಳನ್ನು ನುಡಿಸುತ್ತಿದ್ದೆವು. ವಾಲ್ಟರ್ ಅವರದು ಬ್ಯಾಂಜೊ, ಹೆಲೆನ್ ಗಿಟಾರು, ಅವಳ ಗಂಡನದು ಬಾಸ್ ಎನ್ನುವ ದಪ್ಪ ದನಿಯ ತಂತಿವಾದ್ಯ, ನನ್ನದು ಪಿಟೀಲು. ಮೈಸೂರಿನಲ್ಲಿ ಕಲಿತ ಕೈ ನನ್ನದು. ಇಲ್ಲಿಯೂ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಪಾದದ ಮೇಲೆ ಊರಿಯೇ ನುಡಿಸುತ್ತೇನೆ. ಇದರಿಂದ ಒಂದು ಪೇಚು. ಈ ಸಂಗೀತದಲ್ಲಿ ಒಂದೇ ಮಟ್ಟನ್ನು ಸುತ್ತುಸುತ್ತಾಗಿ ನುಡಿಸುತ್ತ ಹೋಗುತ್ತಾರೆ. ಮುಗಿಸಬೇಕು ಅನ್ನಿಸಿದಾಗ ಪಿಟೀಲಿನವರು ಒಂದು ಕಾಲು ಮೇಲೆತ್ತುತ್ತಾರೆ. ಇದೇ ಕೊನೆಯ ಸುತ್ತು ಎಂದು ಉಳಿದವರಿಗೆ ಗೊತ್ತಾಗುತ್ತದೆ. ನನ್ನ ಕಾಲಿನ ಮೇಲೆ ಪಿಟೀಲೇ ಕೂತಿರುವಾಗ ಎತ್ತುವುದೆಲ್ಲಿಂದ ಬಂತು? ಹಾಗಾಗಿ ಪ್ರಾಕ್ಟೀಸಿನಲ್ಲಿ ‘ಸಾಕು’ ಎನ್ನುತ್ತಿದ್ದೆ. ಆ ಸುತ್ತಿನ ಕೊನೆಗೆ ಮೂವರೂ ನಿಲ್ಲಿಸುತ್ತಿದ್ದರು.

ವಾಲ್ಟರ್‌ಗೆ ಮಾತ್ರ ಇನ್ನೊಂದು ಪದ ಬರುತ್ತಿತ್ತು. ಹುಬ್ಬಳ್ಳಿಯ ನಮ್ಮ ಅತ್ತೆ ಎಮರಿವಿಲ್‌ನಲ್ಲಿ ನಮ್ಮ ಜೊತೆಗೇ ಇರುತ್ತಾರೆ. ನಾನು ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕವಾ" ಎನ್ನುತ್ತಾರೆ. ಬ್ಯಾಂಡಿನವರು ಊಟಕ್ಕೆ ಬಂದಿದ್ದ ದಿನ ವಾಲ್ಟರ್ ಅದನ್ನು ಹಿಡಿದುಕೊಂಡು, ತಾವೂ ಕೈ ಅಡ್ಡ ಹಿಡಿದು "ಸಾಖವಾ" ಎಂದು ಅತ್ತೆಯನ್ನು ನಗಿಸಿದ್ದರು.

ಆ ಶನಿವಾರ ಬರ್ಕ್ಲಿಯಲ್ಲಿ ಹೆಲೆನ್ ಮನೆಯಲ್ಲೇ ರೆಕಾರ್ಡಿಂಗು. ನಡುವೆ ಒಂದೇ ಮೈಕು, ಸುತ್ತ ನಾವು. ಹಳೆಯ ಕಾಲದವರ ಹಾಗೆ ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಬ್ಬರು ತಪ್ಪಿದರೂ ಮೊದಲಿಂದ ಶುರು. ಅವಸರಕ್ಕೆ ಕಾರಣವಿತ್ತು. ಓಕ್ಲ್ಯಾಂಡಿನ ಬಂದರಿನಲ್ಲಿ ಕ್ರೇನು ನಡೆಸಿ ರಿಟೈರಾಗಿದ್ದ ವಾಲ್ಟರ್ ಅವರ ಬೆರಳುಗಳು ತಿಂಗಳಿಂದ ತಿಂಗಳಿಗೆ ಬಿಗಿಯುತ್ತಿದ್ದವು. ಅವರ ಅಜ್ಜ ಕಲಿಸಿದ ಒಂದು ಮಟ್ಟು ಅವರೊಬ್ಬರಿಗೇ ಪೂರ್ತಿ ಬರುತ್ತಿತ್ತು. ಬೆರಳು ಕೈಕೊಡುವ ಮೊದಲು ಅದನ್ನು ಹಿಡಿದಿಡಬೇಕಿತ್ತು. ಆರು ಸುತ್ತು ಎಂದು ಮಾತಾಗಿತ್ತು. ರೆಕಾರ್ಡಿಂಗಿನಲ್ಲಿ ಬಾಯಿ ಬಿಡುವಂತಿಲ್ಲ. ಕೊನೆಯ ಸುತ್ತಿಗೆ ನಾನು ತಲೆಯಾಡಿಸಿದಾಗ ನನ್ನ ಬದಲು ವಾಲ್ಟರ್ ಕಾಲೆತ್ತಬೇಕು.

ಎರಡು ಸಲ ಕೆಟ್ಟಿತು. ಮೂರನೆಯದಕ್ಕೆ ಮುಂಚೆ ವಾಲ್ಟರ್ ನೀರು ಕುಡಿಯಲು ಅಡುಗೆಮನೆಗೆ ಹೋದರು. ನಮ್ಮ ಫೋನುಗಳನ್ನು ಹೆಲೆನ್ ಅಲ್ಲೇ ಬುಟ್ಟಿಯಲ್ಲಿ ಇಡಿಸಿದ್ದಳು. ವಾಪಸು ಬಂದು ನುಡಿಸಿದರು ನೋಡಿ, ಅಂಥ ಬ್ಯಾಂಜೊ ನಾನು ಕೇಳಿರಲೇ ಇಲ್ಲ. ನನಗೂ ಹುಮ್ಮಸ್ಸು ಬಂದು ಓಟ ಸ್ವಲ್ಪ ಏರಿಸಿದೆ. ಮೂರನೇ ಸುತ್ತಿನ ನಡುವೆ ಯಾರೋ ಮೆಲ್ಲಗೆ "ಸಾಕವಾ" ಎಂದರು. ಸುತ್ತು ಮುಗಿಯುತ್ತಲೇ ನಾಲ್ವರೂ ಒಟ್ಟಿಗೆ ನಿಲ್ಲಿಸಿದೆವು.

ಯಾಕೆ ನಿಲ್ಲಿಸಿದೆ ಎಂದು ಹೆಲೆನ್ ನನ್ನನ್ನೇ ಕೇಳಿದಳು. ನಾನು ತುಟಿ ಅಲ್ಲಾಡಿಸಿರಲಿಲ್ಲ. ರೆಕಾರ್ಡಿಂಗು ಹಾಕಿ ಕೇಳಿದೆವು. ಪದ ಸ್ಪಷ್ಟವಾಗಿತ್ತು. ಅಮೆರಿಕನ್ನರ ‘ಖ’ ಅಲ್ಲ, ನಮ್ಮ ‘ಕ’. ಅತ್ತೆಯದೇ ದನಿ. ಅವರೋ, ಆ ಹೊತ್ತಿಗೆ ಎಮರಿವಿಲ್‌ನಲ್ಲಿ ಮಲಗಿರುವವರು.

ನನ್ನ ತಲೆ ನೆಟ್ಟಗೆ ಅಡುಗೆಮನೆಯ ಬುಟ್ಟಿಗೆ ಓಡಿತು. ಊಟದ ದಿನವೇ ವಾಲ್ಟರ್ ಅತ್ತೆಯ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು, ಈಗ ಅದನ್ನು ಜೇಬಿಗೆ ಹಾಕಿಕೊಂಡು ಬಂದು ಆಟ ಹೂಡಿದ್ದಾರೆ! "ಎನಫ್ ಆಫ್ ಯುವರ್ ಜೋಕ್ಸ್, ವಾಲ್ಟರ್. ನಿಮ್ಮ ಜೇಬು ತೋರಿಸಿ" ಎಂದುಬಿಟ್ಟೆ, ಸಿಟ್ಟಿನಲ್ಲಿ ಅರ್ಧ ಕನ್ನಡವೇ ಬಂದಿತ್ತು. ನಾನು ಬೊಟ್ಟು ಮಾಡಿದ ರೀತಿಗೇ ಅವರಿಗೆ ಅರ್ಥವಾಯಿತು. ಎಪ್ಪತ್ತು ದಾಟಿದ ಮನುಷ್ಯ ಎದ್ದು ನಿಂತು ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದರು. ಒಂದು ಕರವಸ್ತ್ರ, ಬೆರಳಿಗೆ ಹಚ್ಚಿಕೊಳ್ಳುವ ಮುಲಾಮು. ಹೆಲೆನ್ ಬುಟ್ಟಿ ತಂದಳು; ನಾಲ್ಕೂ ಫೋನು ಅದರಲ್ಲೇ ಇದ್ದವು. ವಾಲ್ಟರ್ ತಮ್ಮದನ್ನು ಎತ್ತಿಕೊಂಡು, ಬ್ಯಾಂಜೊವನ್ನು ಪೆಟ್ಟಿಗೆಗೆ ಹಾಕಿ ಹೊರಟುಹೋದರು. ನಾಚಿಕೆಯಾಗಬೇಕಿತ್ತು. ನನಗೆ ಆಗ ಇನ್ನೂ ಅನುಮಾನವೇ ಆಗುತ್ತಿತ್ತು.

ಮನೆಗೆ ಬಂದರೆ ಅತ್ತೆ ಸೋಫಾದ ಮೇಲೆ ಕೂತಿದ್ದರು. ನಾನು ಏನೂ ಹೇಳುವ ಮೊದಲೇ ನಗುತ್ತ ಶುರು ಮಾಡಿದರು. "ಉಂಡ ಮ್ಯಾಲೆ ಜೋಂಪು ಹತ್ತಿತ್ತು ನೋಡು. ಕನಸಿನಾಗ ನೀ ಅನ್ನ ಬಡಸಾಕತ್ತಿದ್ದಿ. ಕೈ ಅಡ್ಡ ಹಿಡದ್ರೂ ಬಿಡವಲ್ಲಿ. ಸಾಕವಾ, ಸಾಕವಾ ಅಂತ ಒದರಿ ನನ್ನ ದನಿಗೆ ನನಗ ಎಚ್ಚರಾತು."

ಆಗಲೂ ನಾನು ಸುಮ್ಮನಾಗಲಿಲ್ಲ. ಇಬ್ಬರೂ ಸೇರಿ ಹೂಡಿದ ಆಟವಿರಬಹುದೆಂದು, ಅತ್ತೆ ಸ್ನಾನಕ್ಕೆ ಹೋದಾಗ ಅವರ ಫೋನು ಕದ್ದು ನೋಡಿದೆ. ಯಾವ ಕರೆಯೂ ಇರಲಿಲ್ಲ. ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ದಿನವೂ ಕೇಳಿದೆ, ಕಳ್ಳನನ್ನು ಹಿಡಿಯುವ ಹಟದಲ್ಲಿ. ಹಿಡಿದದ್ದು ಬೇರೆಯೇ ಒಂದನ್ನು. ಆ ಪದಕ್ಕೆ ಒಂದು ಕ್ಷಣ ಮೊದಲು ಬ್ಯಾಂಜೊದಲ್ಲಿ ಒಂದು ಸ್ವರ ಇಲ್ಲ. ಇನ್ನೊಂದು ಅರ್ಧಕ್ಕೇ ಜಾರಿದೆ. ನನ್ನ ಪಿಟೀಲು ಮಾತ್ರ ಇನ್ನೂ ಜೋರಾಗಿ ಓಡುತ್ತಿದೆ. ವಾಲ್ಟರ್ ನನ್ನ ಹಿಂದೆ ಓಡುತ್ತಿದ್ದರು. ‘ಸಾಕವಾ’ ಎನ್ನುವುದು ಹೆಂಗಸಿಗೆ ಹೇಳುವ ಮಾತು. ಅದು ನನಗೇ ಹೇಳಿದ್ದೆಂದು ತಿಳಿದಾಗ ಅತ್ತುಬಿಟ್ಟೆ.

ಹೇಳಿದವರು ಯಾರು? ಗೊತ್ತಿಲ್ಲ. ಹೆಲೆನ್ ಮೇಲೆ, ಅವಳ ಲ್ಯಾಪ್‌ಟಾಪಿನ ಮೇಲೆ, ಕೆಲವು ದಿನ ನನ್ನ ಬಾಯಿಯ ಮೇಲೆಯೇ ಅನುಮಾನಪಟ್ಟಿದ್ದೇನೆ. ಯಾವುದೂ ನಿಲ್ಲಲಿಲ್ಲ. ಆ ಮಟ್ಟು ಮೂರೇ ಸುತ್ತು ಉಳಿದಿದೆ, ಆ ಪದದ ಸಮೇತ.

ತಡವಾಗಿಯಾದರೂ ವಾಲ್ಟರ್ ಮನೆಗೆ ಹೋದೆ. ವರಾಂಡದಲ್ಲಿ ಕೂತಿದ್ದರು, ಕೈಗಳು ಮಡಿಲಲ್ಲಿ ಮುಷ್ಟಿಯಾಗಿ ನಿಂತುಬಿಟ್ಟಿದ್ದವು. ಕ್ಷಮೆ ಕೇಳಿದೆ. ಇನ್ನೊಮ್ಮೆ ಕೇಳಿದೆ. ಆ ದಿನ ಬೆರಳು ನೋಯುತ್ತಿತ್ತೇ, ನೀವೂ ಆ ಮಾತು ಕೇಳಿದಿರಾ ಎಂದು ಶುರು ಮಾಡಿದೆ. ಅವರು ಬಲಗಾಲನ್ನು ನೆಲದಿಂದ ಸ್ವಲ್ಪ ಮೇಲೆತ್ತಿ ಹಾಗೇ ಹಿಡಿದುಕೊಂಡರು. ಒಂದು ಸುತ್ತು ನುಡಿಸುವಷ್ಟು ಹೊತ್ತು ಅವರ ಪಕ್ಕ ಸುಮ್ಮನೆ ಕೂತಿದ್ದು, ಎದ್ದು ಬಂದೆ.