ಬೆಣ್ಣೆಕ್ಕನ ರಕ್ತ

ಬೇಕರಿಯಲ್ಲಿ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಓವನ್ನಿನಿಂದ ಇಳಿದ ಬಿಸಿ ಬ್ರೆಡ್ಡಿನ ತುದಿ ಮುರಿದು, ದಪ್ಪಗೆ ಬೆಣ್ಣೆ ಸವರಿ ಬಾಯಿಗೆ ಹಾಕಿಕೊಳ್ಳದೆ ಹಿಟ್ಟು ನಾದಲು ಕೈಯೇ ಹಾಕದವಳಿಗೆ ಬೆಣ್ಣೆಕ್ಕ ಎಂಬ ಹೆಸರೇ ಗಟ್ಟಿಯಾಗಿತ್ತು. ದುಂಡನೆಯ ಮೈ, ಅದಕ್ಕೆ ತಕ್ಕ ದೊಡ್ಡ ನಗು. ಬೇಕರಿಯ ವ್ಯಾನ್ ಓಡಿಸುತ್ತಿದ್ದ ಗಂಡನೋ ಕಡ್ಡಿ ಪೈಲ್ವಾನ. ಆದರೂ ಕೊಲೆಸ್ಟ್ರಾಲ್ ಇದ್ದದ್ದು ಅವನಿಗೆ. ಸಪ್ಪೆ ಊಟ, ದಿನಾ ಮಾತ್ರೆ.

ಅವನನ್ನು ರಕ್ತಪರೀಕ್ಷೆಗೆ ಕರೆದೊಯ್ದ ದಿನ ನರ್ಸ್, "ಬಂದಿದ್ದೀರಲ್ಲ, ನಿಮ್ಮದೂ ನೋಡಿಬಿಡೋಣ" ಎಂದು ಅವಳಿಗೂ ಸೂಜಿ ಚುಚ್ಚಿದಳು. ಆಮೇಲೆ ಆಸ್ಪತ್ರೆಯಿಂದ ಫೋನು: ಇನ್ನೊಮ್ಮೆ ರಕ್ತ ಕೊಡಬೇಕಂತೆ. ಕೊಟ್ಟಳು. ಮತ್ತೆ ಕರೆದರು. ಬೆಣ್ಣೆಕ್ಕ ದೇವರಿಗೆ ಹರಕೆ ಹೊತ್ತೇ ಹೊರಟಳು.

ಡಾಕ್ಟರ್ ಮಾತ್ರ ನಗುತ್ತಿದ್ದರು. "ಮೆಷಿನ್ನೇ ಕೆಟ್ಟಿದೆ ಅಂದ್ಕೊಂಡ್ವಿ ಅಮ್ಮಾ. ಕೊಲೆಸ್ಟ್ರಾಲ್ ಎಳೆ ಮಗೂಗೆ ಇರೋಷ್ಟೇ ಇದೆ. ಅದಕ್ಕೇ ಜೀನ್ ಪರೀಕ್ಷೆಗೂ ಕಳಿಸಿದ್ವಿ."

ಯಕೃತ್ತಿನ ಜೀವಕೋಶಗಳು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಕೈಚಾಚಿ ಹಿಡಿದಂತೆ ಒಳಗೆಳೆದುಕೊಳ್ಳುತ್ತವಂತೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಆ ಕೈಗಳನ್ನೇ ಹಾಳುಮಾಡುತ್ತದಂತೆ. ಅದನ್ನು ತಯಾರಿಸುವ ಜೀನು ಇವಳಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು, ಹಾಗಾಗಿ ಕೈಗಳು ಗಟ್ಟಿಯಾಗಿಯೇ ಉಳಿದಿದ್ದವು.

"ಕೆಟ್ಟಿದ್ರೆ ರಿಪೇರಿ ಬೇಡ್ವಾ ಡಾಕ್ಟ್ರೇ?"

"ಬೇಡಮ್ಮಾ, ಕೆಟ್ಟಿರೋದೇ ನಿಮ್ಮ ಪುಣ್ಯ. ಹಾಗಂತ ಡಬ್ಬಗಟ್ಟಲೆ ಬೆಣ್ಣೆ ತಿನ್ಬೇಡಿ."

ಗಂಡ ಹೊಟ್ಟೆ ಉರಿದುಕೊಂಡ. "ಕೊಲೆಸ್ಟ್ರಾಲೂ ಇವಳಿಗೆ ಹೆದರ್ಕೊಂಡು ನನ್ನ ಹತ್ರ ಬಂದಿದೆ!"

ಒಡಹುಟ್ಟಿದವರ ರಕ್ತವನ್ನೂ ನೋಡಬೇಕು ಎಂದರು ಡಾಕ್ಟರ್. ಅಲ್ಲಿಗೆ ಬೆಣ್ಣೆಕ್ಕನ ನಗು ಅಡಗಿತು. ಅವಳಿಗಿದ್ದದ್ದು ಒಬ್ಬಳೇ ಅಕ್ಕ. ಅಮ್ಮ ತೀರಿಕೊಂಡಾಗ ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂದು ಜಗಳವಾಗಿ, ಅದನ್ನು ಬೆಣ್ಣೆಕ್ಕ ಹೊತ್ತು ತಂದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು.

ಬಿಸಿ ಬ್ರೆಡ್ಡು ಕಟ್ಟಿಕೊಂಡು ಹೋಗಿ ಅಕ್ಕನ ಬಾಗಿಲು ತಟ್ಟಿದಳು. ಅಕ್ಕ ಬಾಗಿಲು ತೆರೆದು ದಾರಿಗಡ್ಡ ನಿಂತೇ ಕೇಳಿದಳು: "ಏನೇ, ಯಾರಾದ್ರೂ ಸತ್ರಾ?"

"ಇಲ್ಲಕ್ಕ. ನಿನ್ನ ರಕ್ತ ಬೇಕಾಗಿತ್ತು."

"ಇಷ್ಟು ವರ್ಷ ಹೀರಿದ್ದು ಸಾಲ್ದಾ?" ಎಂದವಳಿಗೆ ತನ್ನ ಮಾತಿಗೆ ತಾನೇ ನಗು ಬಂತು. ತಂಗಿಯೂ ನಕ್ಕಳು. ನಗುನಗುತ್ತಲೇ ಇಬ್ಬರ ಕಣ್ಣೂ ಒದ್ದೆಯಾದವು. ಕಾಫಿ ಕುಡಿಯುತ್ತಾ ವಿಷಯವೆಲ್ಲ ಕೇಳಿ, ಆಸ್ಪತ್ರೆಗೆ ಹೊರಡಲು ಅಕ್ಕ ಚಪ್ಪಲಿ ಮೆಟ್ಟಿದಳು.

ಫಲಿತಾಂಶ ಬಂತು. ಅಕ್ಕನ ಜೀನು ಎಲ್ಲರದರಂತೆಯೇ ಇತ್ತು. ಕೊಲೆಸ್ಟ್ರಾಲ್ ಮಾತ್ರ ಸಿಕ್ಕಾಪಟ್ಟೆ ಏರಿತ್ತು. ಅವಳಿಗೆ ಅದರ ಸುಳಿವೇ ಇರಲಿಲ್ಲ.

"ಹೊಲಿಗೆ ಮೆಷಿನ್ನೂ ನಿಂಗೆ, ಈ ಜೀನೂ ನಿಂಗೇನಾ! ಅಮ್ಮಂಗೆ ಮೊದಲಿಂದ್ಲೂ ನೀನಂದ್ರೇ ಮುದ್ದು" ಎಂದು ಅಕ್ಕ ಸಿಡುಕಿದಳು.

"ಇದನ್ನ ಅಪ್ಪ ಕೊಟ್ಟಿದ್ದೋ ಏನೋ, ಪಾಪ ಅಮ್ಮನ್ನ ಯಾಕೆ ಬೈತೀಯಾ?" ಎಂದಳು ಬೆಣ್ಣೆಕ್ಕ.

ಸಮಯಕ್ಕೆ ಸರಿಯಾಗಿ ಗೊತ್ತಾಯಿತು ಎಂದ ಡಾಕ್ಟರ್ ಮಾತ್ರೆ ಬರೆದುಕೊಟ್ಟು, ದಿನಾ ನಡೆಯಲು ಹೇಳಿದರು. ಒಬ್ಬಳೇ ನಡೆಯಲು ಬೇಸರ ಎಂದಳು ಅಕ್ಕ. ಈಗ ಬೇಕರಿ ಕೆಲಸ ಮುಗಿದ ಮೇಲೆ ಅಕ್ಕತಂಗಿಯರು ಕಾಲುವೆ ಪಕ್ಕದ ರಸ್ತೆಯಲ್ಲಿ ನಡೆಯುತ್ತಾರೆ. ಅಕ್ಕ ಬಿರಬಿರನೆ ಮುಂದೆ ಸಾಗಿ, ತಿರುಗಿ ನಿಂತು, "ಬಾರೇ ಬೇಗ" ಎಂದು ಗದರುತ್ತಾಳೆ. ಬೆಣ್ಣೆಕ್ಕ ಏದುಸಿರು ಬಿಡುತ್ತಾ ಹೋಗಿ ಅವಳ ಕೈ ಹಿಡಿದುಕೊಳ್ಳುತ್ತಾಳೆ.