ಸುಡದೆ ಉಳಿದ ಕಾರ್ಬನ್ ಹಾಳೆ

ಅಕ್ಕನ ಬೆರಳ ತುದಿಗಳು ಸದಾ ನೀಲಿಗಪ್ಪಾಗಿರುತ್ತಿದ್ದವು. ಹುಣಸೆಹಣ್ಣು ಹಾಕಿ ಉಜ್ಜಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ಅನ್ನ ಕಲಸುವ ಆ ಬೆರಳು ನೋಡಿ ಅಮ್ಮ, "ನಿನ್ನ ಯಾರು ಕಟ್ಕೊಳ್ತಾರೆ ಮಾರಾಯ್ತಿ" ಎಂದರೆ, "ಮಷಿನ್ ಕಟ್ಕೊಂಡಾಯ್ತಲ್ಲ" ಎಂದು ಅಕ್ಕ ನಗುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಸಾಗರದ ತಾಲ್ಲೂಕು ಕಚೇರಿಯ ಹತ್ತಿರ ಅವಳದೊಂದು ಸಣ್ಣ ಟೈಪಿಂಗ್ ಅಂಗಡಿಯಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ತಂಗಿ. ಅಂಗಡಿ ಗುಡಿಸಿ, ಹಾಳೆ ಜೋಡಿಸಿ ಕೊಡುತ್ತಿದ್ದೆ.

ಅಕ್ಷರ ತಪ್ಪಿದರೆ ತಿದ್ದಬಹುದು, ಗುಟ್ಟು ತಪ್ಪಿದರೆ ಇಲ್ಲ ಎನ್ನುತ್ತಿದ್ದಳು ಅಕ್ಕ. ಟೀಗೆ ಎದ್ದರೂ ಮಷಿನ್ನಿನಲ್ಲಿದ್ದ ಹಾಳೆ ತೆಗೆದು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಒಮ್ಮೆ ಇಸ್ತ್ರಿ ಅಂಗಿಯವನೊಬ್ಬ ಬಂದು, "ಭಾವನ ಅರ್ಜಿ, ಅವ್ರೇ ಕಳ್ಸಿದ್ದು, ಕೊಡಿ" ಎಂದ.

"ಭಾವನ್ನೇ ಕಳ್ಸಿ."

"ನಂಬಿಕೆ ಇಲ್ವಾ ನನ್ನ ಮೇಲೆ?"

"ನಿಮ್ಮನ್ನ ನಂಬ್ತೀನಿ. ಅರ್ಜಿ ಕೊಡಲ್ಲ."

ಆಗ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಿತ್ತು. ಗೇಣಿಗೆ ಗದ್ದೆ ಮಾಡುವವರು ಒಡೆಯರಿಗೆ ತಿಳಿಯದಂತೆ ಅರ್ಜಿ ಬರೆಸಲು ಬರುತ್ತಿದ್ದರು. ಆ ಅರ್ಜಿಗಳಿಗೆ ಪ್ರತಿ ಸ್ಪಷ್ಟವಾಗಿ ಬರಲೆಂದು ಅಕ್ಕ ಹೊಸ ಕಾರ್ಬನ್ ಹಾಕುತ್ತಿದ್ದಳು. "ಒಂದೇ ಸಲ ಬಳಸಿದ್ದನ್ನ ಬೆಳಕಿಗೆ ಹಿಡಿದ್ರೆ ಪೂರ್ತಿ ಓದ್ಬಹುದು ಕಣೆ. ಸಂಜೆಯೊಳಗೆ ಸುಟ್ಟುಬಿಡು" ಎಂದು ನನಗೆ ಒಪ್ಪಿಸುತ್ತಿದ್ದಳು.

ಕೆಳದಿ ಕಡೆಯ ಗೇಣಿದಾರನೊಬ್ಬ ಸೋಮವಾರ ಕಚೇರಿಗೆ ಕೊಡುತ್ತೇನೆಂದು ಶನಿವಾರ ಅರ್ಜಿ ಟೈಪ್ ಮಾಡಿಸಿಕೊಂಡು ಹೋದ. ಆ ಸಂಜೆ ನನ್ನ ಗೆಳತಿ ದಿಂಬಿನ ಚೀಲಕ್ಕೆ ನವಿಲು ಕಸೂತಿ ಹಾಕಬೇಕೆಂದು ಬಂದಳು. ಚಿತ್ರವನ್ನು ಬಟ್ಟೆಗೆ ಇಳಿಸಲು ಅವಳಿಗೆ ಕಾರ್ಬನ್ ಬೇಕಿತ್ತು.

"ಸುಡೋದನ್ನ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ, ಜಿಪುಣಿ?"

ನಾನು ನಕ್ಕು ಕೊಟ್ಟೆ. ಆ ದಿನದ ಅರ್ಜಿಗೆ ಹಾಕಿದ್ದ, ಚೆನ್ನಾಗಿ ಕಪ್ಪಿದ್ದ ಹಾಳೆಯನ್ನೇ ಆರಿಸಿ ಕೊಟ್ಟೆ.

ಆ ಗೇಣಿದಾರನ ಗದ್ದೆಯ ಒಡೆಯ ನನ್ನ ಗೆಳತಿಯ ದೊಡ್ಡಪ್ಪ. ಅದು ನನಗೆ ಗೊತ್ತಿರಲಿಲ್ಲ. ಅವಳು ಮನೆಯಲ್ಲಿ ನವಿಲು ಇಳಿಸುವಾಗ ಅವರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರೆಂದು ಗೆಳತಿಯೇ ಆಮೇಲೆ ಹೇಳಿದಳು. ಭಾನುವಾರವೇ ಅವರ ಜನ ಹೋಗಿ ಗೇಣಿದಾರನನ್ನು ಕರೆತಂದರು. ತಾನು ಗೇಣಿಯವನಲ್ಲ, ಬರೀ ಕೂಲಿಯವನು ಎಂಬ ಕಾಗದಕ್ಕೆ ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನ ಅಪ್ಪನ ಕಾಲದಿಂದ ಉತ್ತ ಗದ್ದೆ ಅಲ್ಲಿಗೆ ಕೈತಪ್ಪಿತು.

ಮರುದಿನ ಗಂಡ ಹೆಂಡತಿ ಅಂಗಡಿಗೆ ಬಂದರು. ಅವನು ಗೋಡೆಗೊರಗಿ ಕೂತುಬಿಟ್ಟ. ಹೆಂಡತಿ ಮಾತ್ರ ಕೂಗಿದಳು: "ಎಷ್ಟಕ್ಕೆ ಮಾರಿದ್ರಿ ನಮ್ಮನ್ನ? ನಿಮ್ ಕೈ ಸೇದಿಹೋಗ!"

ಅಕ್ಕ ನನ್ನ ಕಡೆ ತಿರುಗಿದಳು. "ಶನಿವಾರದ್ದು ಸುಟ್ಟಿದ್ಯಲ್ಲ?"

"ಸುಟ್ಟೆ" ಎಂದೆ.

ಎರಡನೇ ಸಲ ಕೇಳಲಿಲ್ಲ. ಯಾರನ್ನೂ ಸುಮ್ಮನೆ ನಂಬದವಳು ನನ್ನನ್ನು ನಂಬಿದಳು. ತಾನೇ ಎಲ್ಲಿ ತಪ್ಪಿದೆನೋ ಎಂದು ಡ್ರಾಯರು, ರಿಬ್ಬನ್ನು, ಕಸದ ಬುಟ್ಟಿ ಎಲ್ಲ ಹುಡುಕಿದಳು. ಸುದ್ದಿ ಹಬ್ಬಿ ಜನ ಬರುವುದು ನಿಂತಿತು. ವರ್ಷದೊಳಗೆ ಅಂಗಡಿ ಮುಚ್ಚಿತು. ಆಮೇಲೆ ಪೇಟೆಯಲ್ಲಿ ಅವಳು ತಲೆ ತಗ್ಗಿಸಿಯೇ ನಡೆಯುತ್ತಿದ್ದಳು. ಪಕ್ಕದಲ್ಲೇ ನಡೆಯುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಎಂಬತ್ತರ ದಶಕದ ನಡುವೆ ಕಾಮಾಲೆಯಲ್ಲಿ ತೀರಿಕೊಂಡಳು. ಕೊನೆಯ ವಾರವೆಲ್ಲ ನಾನೇ ಗಂಜಿ ಕುಡಿಸಿದೆ. ಆಗಲೂ ಹೇಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಸ್ಸು ಹತ್ತಿ ಆ ಗೇಣಿದಾರನ ಮನೆ ಹುಡುಕಿಕೊಂಡು ಹೋದೆ. ಅವನು ಆಗಲೇ ತೀರಿಹೋಗಿದ್ದ. ಹೆಂಡತಿ ಮುದುಕಿಯಾಗಿದ್ದಳು. ನನ್ನ ಗುರುತು ಹೇಳಿದೆ.

"ನಾ ಅಂಗ್ಡೀಲಿ ಕೂಗಿದ್ನಲ್ಲ, ನಿಮ್ಮಕ್ಕೋರು ಅವತ್ತೇ ಇಲ್ಲಿಗೆ ಬಂದಿದ್ರು" ಎಂದಳು. "'ತಪ್ಪು ನಂದೇ' ಅಂತ ಕಾಲು ಮುಟ್ಟೋಕೆ ಬಗ್ಗಿದ್ರು. ನಾನು ಕಾಲು ಹಿಂದೆ ಎಳ್ಕಂಡು ಬಾಗ್ಲು ಹಾಕ್ಕಂಡೆ."

ಆಗ ನಾನು ಎಲ್ಲ ಹೇಳಿದೆ. ಹಾಳೆ, ನವಿಲು, ಸುಳ್ಳು. ಬೈಯಲಿ, ಹೊಡೆಯಲಿ ಎಂದು ಕಾಯುತ್ತ ನಿಂತೆ.

ಅವಳು ಮೆಲ್ಲಗೆ ಜಗುಲಿಯ ಮೇಲೆ ಕುಸಿದು ಕೂತಳು. "ಅವ್ರು ಬದುಕಿದ್ದಾಗ ಹೇಳೋಕೆ ನಿಮಗೇನಾಗಿತ್ತು?" ಎಂದಳು. "ಏನೂ ಮಾಡ್ದೋಳಿಗೆ ನಾನು ಕೈ ಸೇದಿಹೋಗ ಅಂದ್ನಲ್ಲ. ಅದನ್ನ ಈಗ ಯಾರ ಹತ್ರ ವಾಪಸ್ ತಗಳ್ಲಿ?"